ನಡುವಿನ ಕುರ್ಚಿ

ಚುನಾವಣೆಯಲ್ಲಿ ಪಕ್ಷ ಮಣ್ಣುಮುಕ್ಕಿದ ಮರುದಿನವೇ ಅಧ್ಯಕ್ಷರು ರಾಜೀನಾಮೆ ಬಿಸಾಕಿ ಫೋನ್ ಆರಿಸಿಬಿಟ್ಟರು. ಮುಖಂಡರಿಗೆ ಅದರಿಂದ ಕಳೆದುಕೊಳ್ಳುವುದೇನಿರಲಿಲ್ಲ. ಗೋಳು ಶುರುವಾದದ್ದು ಕಚೇರಿಯ ಗುಮಾಸ್ತನಿಗೆ.

ಬಣ್ಣದ ಅಂಗಡಿ ಇಟ್ಟಿದ್ದ ಭಾಮೈದ ಅವನಿಗೊಂದು ಕೆಲಸ ಕೊಡಲು ಒಪ್ಪಿದ್ದ. ಆದರೆ ಅಂಗಡಿಯ ಗಿರಾಕಿಗಳೆಲ್ಲ ಗೆದ್ದ ಪಕ್ಷದ ಗುತ್ತಿಗೆದಾರರು. "ಭಾವ, ನೀವು ಪಕ್ಷ ಬಿಟ್ಟಿದ್ದೀರಿ ಅಂತ ಅಧ್ಯಕ್ಷರ ಬಾಯಲ್ಲೇ ಹೇಳಿಸಿ. ಸಂಜೆವರೆಗೂ ಕಾಯ್ತೀನಿ, ಆಮೇಲೆ ಬೇರೆಯವರನ್ನ ನೋಡ್ಕೋತೀನಿ" ಎಂದಿದ್ದ. ಹೇಳಿಸೋಣವೆಂದರೆ ಅಧ್ಯಕ್ಷರೇ ಇಲ್ಲ. ಈ ಕೆಲಸವೂ ತಪ್ಪಿದರೆ ತವರಿನವರಿಗೆ ಹೇಗೆ ಮುಖ ತೋರಿಸಲಿ ಎಂದು ಹೆಂಡತಿ ಬೆಳಗ್ಗೆಯೇ ಕಣ್ಣೊರೆಸಿಕೊಂಡಿದ್ದಳು.

ಪುಣ್ಯಕ್ಕೆ ಅಂದೇ ಆತ್ಮಾವಲೋಕನ ಸಭೆ. ಪಕ್ಷದ ಸಿದ್ಧಾಂತ ಇನ್ನು ಯಾವ ದಿಕ್ಕಿಗೆ ಎಂದು ತೀರ್ಮಾನಿಸಿ, ಹೊಸ ಅಧ್ಯಕ್ಷರನ್ನು ಆರಿಸುವುದಿತ್ತು. ಯಾರೇ ಆಗಲಿ, ಆದ ತಕ್ಷಣ ಕಾಲು ಹಿಡಿದು ಬಿಡುಗಡೆ ಪಡೆಯಬೇಕೆಂದು ಗುಮಾಸ್ತ ಬಾಗಿಲ ಬಳಿ ಕಾದು ನಿಂತ.

ಸಭೆಯೋ ಸಾವಿನ ಮನೆಯಂತಿತ್ತು. ಗೋಡೆಯ ಪೋಸ್ಟರುಗಳಲ್ಲಿ ಇನ್ನೂ ನಗುತ್ತಿದ್ದವರು ಕೆಳಗಿನ ಕುರ್ಚಿಗಳಲ್ಲಿ ಮುಖ ಇಳಿಬಿಟ್ಟು ಕೂತಿದ್ದರು. ಬಡವರನ್ನು ಮರೆತದ್ದಕ್ಕೇ ಸೋತೆವು, ಹಳೆಯ ತತ್ವಕ್ಕೆ ಮರಳೋಣ ಎಂದರು ಮುತ್ಸದ್ದಿ. ಆ ತತ್ವಕ್ಕೆ ಜೋತುಬಿದ್ದದ್ದಕ್ಕೇ ಸೋತೆವು, ವ್ಯಾಪಾರಸ್ಥರ ಕಡೆ ವಾಲೋಣ ಎಂದ ಬಾಯಿಬಡುಕ ಯುವನಾಯಕ. ಒಂದು ಬಣ ಕುರ್ಚಿಗಳನ್ನು ಕಿಟಕಿಯತ್ತ ಎಳೆದುಕೊಂಡಿತು, ಇನ್ನೊಂದು ಗೋಡೆಯತ್ತ. ನಡುವೆ ಒಂದು ಕುರ್ಚಿ ಅನಾಥವಾಗಿ ಉಳಿಯಿತು. ಕೈ ಕೈ ಮಿಲಾಯಿಸುವ ಹಂತ ಬಂದಾಗ, ಅಡ್ಡಗೋಡೆಯಾಗಿ ಇರಲೆಂದು ಯಾರೋ ಗುಮಾಸ್ತನನ್ನು ಎಳೆತಂದು ಅದರಲ್ಲಿ ಕೂರಿಸಿದರು.

ಕೂತದ್ದೇ ತಡ, ಒಂದೊಂದು ಕಿವಿಗೆ ಒಂದೊಂದು ಸಿದ್ಧಾಂತ ಬಿತ್ತು. ಅವನು ಅತ್ತ ತಿರುಗಿ ಹೌದೆಂದ, ಇತ್ತ ತಿರುಗಿಯೂ ಹೌದೆಂದ. ಅವನಿಗೆ ಬೇಕಾಗಿದ್ದುದು ಸಿದ್ಧಾಂತವಲ್ಲ, ಅಧ್ಯಕ್ಷ. ಹೊತ್ತು ಇಳಿಯುತ್ತ ಬಂದಂತೆ ತಡೆಯಲಾರದೆ ಎದ್ದು ನಿಂತ.

"ಯಾರನ್ನಾದ್ರೂ ಮಾಡಿ ಸಾರ್, ಕೈ ಮುಗೀತೀನಿ. ಬೇಗ ಒಬ್ಬರನ್ನ ಮಾಡಿ."

ಕಣ್ಣಲ್ಲಿ ನೀರೂ ಬಂದಿತ್ತು. ಪಕ್ಷಕ್ಕಾಗಿ ಇಷ್ಟು ಮರುಗಿದವರನ್ನು ಸಭೆ ಕಂಡಿರಲಿಲ್ಲ. ಮುತ್ಸದ್ದಿ ಯುವನಾಯಕನ ಮುಖ ನೋಡಿದರು. ಎಷ್ಟೋ ಕಾಲದ ಮೇಲೆ ಇಬ್ಬರಿಗೂ ಒಂದೇ ವಿಚಾರ ಹೊಳೆದಿತ್ತು.

"ಇವರೇ ಆಗಲಿ," ಎಂದರು ಮುತ್ಸದ್ದಿ. "ಎರಡೂ ಕಡೆಗೆ ಹೌದು ಅನ್ನೋ ಮನುಷ್ಯ."

ಗುಮಾಸ್ತ ಬೇಡವೇ ಬೇಡವೆಂದು ಕೈ ಎತ್ತಿದ. ಒಪ್ಪಿದವರ ಕೈ ಎಣಿಸುತ್ತಿದ್ದವರು ಅದನ್ನೂ ಒಪ್ಪಿಗೆಗೇ ಸೇರಿಸಿಕೊಂಡರು.

ಹೊಸ ಅಧ್ಯಕ್ಷ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕೋಣೆ ಖಾಲಿಯಾಗಿತ್ತು. ಕಿಟಕಿಯಿಂದ ಇಣುಕಿದರೆ, ಮುತ್ಸದ್ದಿ ಮುಂದೆ, ಯುವನಾಯಕ ಹಿಂದೆ, ಎರಡೂ ಬಣದವರು ರಸ್ತೆ ದಾಟಿ ಗೆದ್ದ ಪಕ್ಷದ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು. ಸೋಲಿನ ಹೊಣೆ ಹೊರಲು ಒಂದು ತಲೆ ಸಿಕ್ಕ ಮೇಲೆ ಅವರಿಗೆ ಇಲ್ಲೇನು ಕೆಲಸ?

ಅಷ್ಟರಲ್ಲಿ ಭಾಮೈದನ ಫೋನ್ ಬಂತು.

"ಏನಾಯ್ತು ಭಾವ, ಅಧ್ಯಕ್ಷರು ಸಿಕ್ಕಿದ್ರಾ?"

"ಸಿಕ್ಕಿದ್ರು."

"ಹಾಗಾದ್ರೆ ಫೋನ್ ಕೊಡಿ ಅವರಿಗೆ."

ಗುಮಾಸ್ತ ಖಾಲಿ ಕುರ್ಚಿಗಳನ್ನೊಮ್ಮೆ ನೋಡಿದ. ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿಕೊಂಡು, ಗಂಟಲು ಸರಿಮಾಡಿಕೊಂಡು, "ಹಲೋ, ಅಧ್ಯಕ್ಷ ಮಾತಾಡ್ತಿದ್ದೀನಿ" ಎಂದ.

ಭಾವನ ದನಿ ಭಾಮೈದನಿಗೆ ಗೊತ್ತಾಗದೆ ಇರುತ್ತದೆಯೇ? ಅವನು ಫೋನ್ ಇಟ್ಟು, ಬೇರೆಯವರನ್ನು ನೋಡಿಕೊಂಡ.