ಇಪ್ಪತ್ತೊಂದು ದಿನ ಬಾಡದ ನಾಗಸಂಪಿಗೆ

ನನಗೆ ಮೋಸ ಮಾಡುವ ಗಂಡಸು ಹೊಸನಗರ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಮೂವತ್ತು ವರ್ಷದಿಂದ ಸೀಗೆಕಾಯಿ, ಅಂಟುವಾಳ, ಮುರುಗಲು ವ್ಯಾಪಾರ ಮಾಡುತ್ತಿದ್ದೇನೆ. ಮೂಟೆಯೊಳಗೆ ಕೈ ಇಳಿಸಿದರೆ ಸಾಕು, ಯಾರು ನೀರು ಚಿಮುಕಿಸಿ ತೂಕ ಹೆಚ್ಚಿಸಿದ್ದಾರೆಂದು ಅಂಗೈ ಹೇಳಿಬಿಡುತ್ತದೆ. ಇಂಥ ಅಂಗೈಯನ್ನು ಬರೀ ಸೀಗೆಕಾಯಿಯಲ್ಲಿ ಸವೆಸುವುದು ದೇಶಕ್ಕೇ ನಷ್ಟವೆಂದು ಹೋದ ಶಿವರಾತ್ರಿ ಹೊತ್ತಿಗೆ ನನಗೆ ಹೊಳೆಯಿತು.

ಹೊಳೆದದ್ದು ಸಾಗರದ ಒಂದು ಮದುವೆಯಲ್ಲಿ. ಮಂಟಪದಲ್ಲಿ ಹೂವಿಗಿಂತ ಎಲೆಯೇ ಜಾಸ್ತಿ! ಅಲಂಕಾರ ಮಾಡಲು ಬೆಂಗಳೂರಿನಿಂದ ಬಂದಿದ್ದ ಶಿಲ್ಪಶ್ರೀ ಮೇಡಂ ಅವರನ್ನು ವಿಚಾರಿಸಿದೆ. ಅದು ಹೊರದೇಶದ ಜಾತಿಯಂತೆ, ಐಸಿನ ಪೆಟ್ಟಿಗೆಯಲ್ಲಿ ಮಲಗಿಕೊಂಡು ಬರುತ್ತದಂತೆ.

"ಇದಕ್ಕಿಂತ ಚಂದದ ಎಲೆ ನಮ್ಮ ಕಡೆ ದನ ತಿಂತಾವೆ ಮೇಡಂ," ಎಂದೆ.

"ಚಂದ ಇದ್ರೆ ಸಾಲದು ಸರ್. ಕೊಯ್ದು ನೀರಲ್ಲಿಟ್ರೆ ಹತ್ತು ದಿನ ಬಾಡಬಾರದು. ಅಂಥದ್ದು ಒಂದು ತೋರಿಸಿ, ಈ ಸೀಸನ್ನಿನ ಪೂರ್ತಿ ಆರ್ಡರ್ ನಿಮಗೇ ಕೊಡ್ತೀನಿ."

ಪೂರ್ತಿ ಆರ್ಡರ್! ಮರುದಿನವೇ ಹೊರಟೆ. ತೀರ್ಥಹಳ್ಳಿ ಕಡೆ, ಕವಲೇದುರ್ಗದ ಬುಡದಲ್ಲಿ ನನ್ನ ಮಾವನ ಜಮೀನಿದೆ. ಅದರ ಮೇಲ್ತುದಿ ಪೂರ್ತಿ ಕಾಡುಮರ. ಸುರಗಿ, ರಾಮಪತ್ರೆ, ದಾಲ್ಚಿನ್ನಿ, ಬೈನೆ ಎಂದು ಹನ್ನೊಂದು ಜಾತಿಯ ಟೊಂಗೆ ಕಡಿದು ತಂದೆ. ಒಂದೊಂದಕ್ಕೂ ನಂಬರಿನ ಚೀಟಿ ಕಟ್ಟಿದೆ. ದಿನಚರಿ ಬರೆಯಲು ಹೊಸ ನೋಟ್‌ಬುಕ್ ತೆಗೆದೆ. ವಿಜ್ಞಾನವೆಂದರೆ ವಿಜ್ಞಾನ!

ಆದರೆ ವಿಜ್ಞಾನಕ್ಕೆ ಹನ್ನೊಂದು ಪಾತ್ರೆ ಬೇಕು. ಅಡುಗೆಮನೆಗೆ ನುಗ್ಗಿದೆ. ಹೆಂಡತಿ ಸುಚಿತ್ರಾ ತರಕಾರಿ ತಂದು ಒಳಗೆ ಕಾಲಿಡುವ ಹೊತ್ತಿಗೆ ಕೆಲಸ ಮುಗಿದಿತ್ತು.

"ಎಂತ ಇದು? ಕುಕ್ಕರಲ್ಲಿ ಬೈನೆ ಸೊಪ್ಪು?"

"ಅದು ಮೂರನೇ ನಂಬರು. ಮುಟ್ಟಬೇಡ, ಸಂಶೋಧನೆ ನಡೀತಿದೆ."

"ಮಧ್ಯಾಹ್ನಕ್ಕೆ ಅನ್ನ ಎಲ್ಲಿ ಬೇಯಿಸ್ಲಿ? ನಿಮ್ಮ ತಲೆ ಮೇಲಾ? ಅಲ್ಲೂ ಬಿಸಿ ಇದ್ದ ಹಾಗೆ ಕಾಣ್ತದೆ!"

"ದೊಡ್ಡ ಕೆಲಸಕ್ಕೆ ತ್ಯಾಗ ಬೇಕು ಮಾರಾಯ್ತಿ."

"ಆಯ್ತು, ಮಾಡ್ದೆ. ಇವತ್ತು ಅಡುಗೇನೇ ತ್ಯಾಗ."

ಉಪವಾಸವಿದ್ದೇ ಸಂಶೋಧನೆ ಮುಂದುವರಿಸಿದೆ. ಹತ್ತು ಟೊಂಗೆಗಳಿಗೆ ಹೇಗೋ ಪಾತ್ರೆ ಸಿಕ್ಕಿತು. ಉಳಿದದ್ದು ಏಳನೇ ನಂಬರು, ನಾಗಸಂಪಿಗೆ. ಕೆಂಪಗೆ ಹೊಳೆಯುವ ಅದರ ಚಿಗುರಿನ ಅಂದಕ್ಕೆ ಹಾಲಿನ ಕ್ಯಾನು ಸರಿ ಕಾಣಲಿಲ್ಲ. ಒಂದು ತಾಮ್ರದ ಚೊಂಬಿಗೆ ನೀರು ತುಂಬಿಸಿ, ಚಿಗುರು ನಿಲ್ಲಿಸಿ, ಗಾಳಿ ಚೆನ್ನಾಗಿ ಆಡುವ ಜಾಗವೆಂದು ದೇವರ ಕೋಣೆಯ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಇಟ್ಟೆ. "ಇದನ್ನ ಯಾರೂ ಮುಟ್ಟಕೂಡದು!" ಎಂದು ಮನೆಗೆಲ್ಲ ಕೇಳುವಂತೆ ಘೋಷಿಸಿದೆ.

ಮೂರನೇ ದಿನ ದಾಲ್ಚಿನ್ನಿ ತಲೆ ಬಗ್ಗಿಸಿತು. ಐದನೇ ದಿನ ಬೈನೆ ಶರಣಾಗಿ ಕುಕ್ಕರು ಬಿಡುಗಡೆಯಾಯಿತು. ಒಂಬತ್ತನೇ ದಿನಕ್ಕೆ ಉಳಿದವೂ ಒಂದೊಂದಾಗಿ ಗೊಬ್ಬರದ ಗುಂಡಿ ಸೇರಿದವು. ಏಳನೇ ನಂಬರು ಮಾತ್ರ ಸಿಪಾಯಿಯ ಹಾಗೆ ನೆಟ್ಟಗೆ ನಿಂತಿತ್ತು! ಹತ್ತನೇ ದಿನ, ಹದಿನೈದನೇ ದಿನ, ಬಣ್ಣ ಕೂಡ ಮಾಸಲಿಲ್ಲ. ಯಾರೋ ಚೊಂಬಿಗೆ ಕುಂಕುಮ ಬೇರೆ ಹಚ್ಚಿದ್ದರು. ವಿಜ್ಞಾನಕ್ಕೆ ಮನೆಯವರು ತೋರಿದ ಗೌರವವೆಂದುಕೊಂಡೆ. ನನ್ನ ಅಮ್ಮ ಯಮುನಮ್ಮ ಅದರ ಮುಂದೆ ನಿಂತು ಕೈ ಮುಗಿಯುತ್ತಿದ್ದಳು. ಮಗನ ಏಳಿಗೆಗೆ ಬೇಡಿಕೊಳ್ಳುತ್ತಿದ್ದಾಳಲ್ಲ ಎಂದು ನನ್ನ ಕಣ್ಣು ತೇವವಾಯಿತು.

ಇಪ್ಪತ್ತೊಂದನೇ ದಿನ ಶಿಲ್ಪಶ್ರೀ ಮೇಡಂಗೆ ಫೋನ್ ಮಾಡಿದೆ.

"ಇಪ್ಪತ್ತೊಂದು ದಿನಾನಾ? ಹೊರದೇಶದ್ದೇ ಅಷ್ಟು ಬರಲ್ಲ ಸರ್!"

"ಹೊರದೇಶದಲ್ಲಿ ನಾನಿಲ್ಲವಲ್ಲ ಮೇಡಂ."

"ಇನ್ನೂರು ಟೊಂಗೆ ಕಳಿಸಿ. ಒಂದು ರಿಸೆಪ್ಷನ್‌ಗೆ ಹಾಕಿ ನೋಡ್ತೀನಿ."

ಮಾವನ ಮರಗಳನ್ನೆಲ್ಲ ಬೋಳಿಸಿ ಇನ್ನೂರು ಟೊಂಗೆ ಬಸ್ಸಿಗೆ ಹಾಕಿದೆ. ಮೂರನೇ ದಿನ ಮೊಬೈಲಿಗೆ ಒಂದು ಫೋಟೋ ಬಂತು. ಮುಂದೆ ಗಂಡು ಹೆಣ್ಣು ನಗುತ್ತಿದ್ದಾರೆ. ಹಿಂದೆ ಇನ್ನೂರು ನಾಗಸಂಪಿಗೆ ಒಟ್ಟಿಗೇ ಕತ್ತು ಚೆಲ್ಲಿವೆ! ಫೋಟೋದ ಬೆನ್ನಿಗೇ ಫೋನು.

"ಇದು ರಿಸೆಪ್ಷನ್ನಾ, ಸಂತಾಪ ಸಭೆನಾ ಅಂತ ಗಂಡಿನ ಅಪ್ಪ ಕೇಳ್ತಿದಾರೆ ಸರ್!"

"ಅದು ನಿಮ್ಮ ಬೆಂಗಳೂರು ನೀರಿನ ದೋಷ. ನನ್ನ ಮನೇಲಿ ಇವತ್ತಿಗೂ ನೆಟ್ಟಗಿದೆ. ಬೇಕಿದ್ರೆ ಕಣ್ಣಾರೆ ಬಂದು ನೋಡಿ!"

ಆಕೆ ನಿಜಕ್ಕೂ ಬಂದೇಬಿಟ್ಟರು! ಗುರುವಾರ ಬೆಳಗ್ಗೆ, ಸಾಗರಕ್ಕೆ ಹೋಗುವ ದಾರಿಯಲ್ಲಿ. "ತೋರಿಸಿದ್ರೆ ಆರ್ಡರ್ ಉಳೀತು. ಇಲ್ದಿದ್ರೆ ಇಲ್ಲಿಗೇ ಮುಗೀತು," ಎನ್ನುತ್ತಲೇ ಜಗಲಿ ಹತ್ತಿದರು.

ನಾನು ರಾಜಗಾಂಭೀರ್ಯದಿಂದ ಕಟ್ಟೆಯ ಕಡೆಗೆ ಕೈ ಚಾಚಿದೆ. ಚೊಂಬು ಖಾಲಿ!

"ಅಮ್ಮಾ! ಏಳನೇ ನಂಬರ್ ಎಲ್ಲಿ?"

"ಬಂದೆ ಮಾರಾಯ, ಕೂಗ್ಬೇಡ!" ಹಿತ್ತಲ ಬಾಗಿಲಿನಿಂದ ಅಮ್ಮ ಏದುಸಿರು ಬಿಡುತ್ತ ಬಂದಳು. ಒದ್ದೆ ಕೂದಲು, ಕೈಯಲ್ಲಿ ಆಗತಾನೇ ಮುರಿದ ಎರಡು ಕೆಂಪು ಚಿಗುರು. "ಪಕ್ಕದ ಪುಷ್ಪಮ್ಮನ ಮನೆ ನಾಯಿ ಬಿಟ್ಟಿದ್ರು ಇವತ್ತು. ಅವ್ರ ನಾಗಸಂಪಿಗೆ ಮರದ ಹತ್ರ ಹೋಗಕ್ಕೇ ಬಿಡ್ಲಿಲ್ಲ ಅದು. ಅದಕ್ಕೇ ಲೇಟಾತು."

"ಅಂದ್ರೆ... ನೀನು ದಿನಾ ಬದಲಾಯಿಸ್ತಿದ್ಯಾ?"

"ಮತ್ತೆ? ದೇವ್ರ ಕೋಣೆ ಬಾಗ್ಲಲ್ಲಿ ಕಲಶ ಇಟ್ಟೀಯ. ಕಲಶದ ಎಲೆ ಬಾಡಿದ್ರೆ ಮನೆಗೆ ಒಳ್ಳೇದಾ? ಅದೋ, ಎರಡು ದಿನಕ್ಕೇ ಜೋತು ಬೀಳ್ತದೆ. ನೀನು ಹರಕೆ ಹೊತ್ತು ಮರೆತೆ ಅಂತ ನಾನೂ ಮರೀಲಾ?"

"ಯಾರೂ ಮುಟ್ಟಬಾರದು ಅಂದಿದ್ನಲ್ಲಮ್ಮ!"

"ಅಂದಿದ್ದೆ. ಮಡಿ ಅಂದ್ಕಂಡೆ. ಅದಕ್ಕೇ ಮಿಂದೇ ಮುಟ್ಟಿದ್ದು."

ಸುಚಿತ್ರಾಳ ಕಡೆ ತಿರುಗಿದೆ. "ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತಪ್ಪ. ನಂಗೆ ಕುಕ್ಕರ್ ವಾಪಸ್ ಬಂದಿತ್ತು. ಅಷ್ಟು ಸಾಕಿತ್ತು."

ಶಿಲ್ಪಶ್ರೀ ಮೇಡಂ ಚೊಂಬನ್ನು ನೋಡಿದರು, ಚಿಗುರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಮೂಟೆಗೆ ಕೈ ಇಳಿಸಿದವರ ನೋಟ ಅದು, ನನಗೆ ಗೊತ್ತಿಲ್ಲವೇ!

"ನಿಮ್ಮ ಎಲೆ ಬೇಡ ಸರ್. ನಿಮ್ಮ ಅಮ್ಮನ್ನ ಕಳಿಸಿಕೊಡಿ. ಎಲೆ ಯಾವುದಾದ್ರೂ ಆಗ್ಲಿ, ಬಾಡದ ಹಾಗೆ ಇಡೋರು ಇವರೊಬ್ರೇ."

ಹೇಳಿ ಅವರು ನಕ್ಕರು. ಸುಚಿತ್ರಾ ನಕ್ಕಳು. ಬೇರೆ ದಾರಿಯಿಲ್ಲದೆ ನಾನೂ ನಕ್ಕೆ.

ಅಮ್ಮ ಮಾತ್ರ ನಗಲಿಲ್ಲ. ಒದ್ದೆ ಕೂದಲನ್ನು ಗಂಟು ಕಟ್ಟಿಕೊಂಡು, "ಊಟ, ಉಳ್ಕಳಕ್ಕೆ ಜಾಗ ನಿಮ್ದೇ ಅಲ್ದಾ?" ಎಂದು ಮೇಡಂ ಅವರನ್ನು ಕೇಳಿದಳು. ಆಮೇಲೆ ಒಳಗೆ ತಿರುಗಿ ಹೇಳಿದಳು: "ಸುಚಿತ್ರಾ, ಇವ್ನ ಸೂಟ್‌ಕೇಸ್ ಅಟ್ಟದ ಮೇಲಿದ್ಯಾ ನೋಡೇ."