ಚಮಕಿಗೆ ಮಣೆ, ಅಕ್ಕನಿಗೆ ಮಬ್ಬು

ನನ್ನ ಕ್ಯಾಮೆರಾದೊಳಗೆ ಬಾಡಿಗೆಯಿಲ್ಲದೆ ವಾಸವಾಗಿರುವ ಸನ್ಮಾನ್ಯ ಆಟೋಫೋಕಸ್ ಮಹಾಶಯರಿಗೆ, ಸ್ಟುಡಿಯೋದ ಮಾಲೀಕನೂ ಪರದೆ ಎಳೆಯುವವನೂ ಕಸ ಗುಡಿಸುವವನೂ ಆದ ನಾನು ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವುದು ಪದ್ಧತಿ. ತಮ್ಮ ಲೆನ್ಸಿನ ಧೂಳನ್ನು ದಿನಾ ಒರೆಸುವವನು ನಾನೇ ಆದ್ದರಿಂದ ಕ್ಷೇಮವಾಗಿಯೇ ಇದ್ದೀರೆಂದು ಬಲ್ಲೆ. ಮೊನ್ನೆ ನಾಟಕದ ಪರದೆ ಬೀಳುವ ಹೊತ್ತಿಗೆ ತಾವು ಮೆರೆದ ಕಲಾಭಿರುಚಿಯನ್ನು ಕುರಿತು ನಾಲ್ಕು ಮಾತು ಬರೆಯದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ನನ್ನ ಅಕ್ಕ ಆ ನಾಟಕ ತಂಡದ ದರ್ಜಿ. ತಲೆಗೂದಲು ಕಪ್ಪಿದ್ದ ಕಾಲದಿಂದಲೂ ರಂಗದ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಯಂತ್ರ ತುಳಿದು ರಾಜರಿಗೂ ಭಿಕ್ಷುಕರಿಗೂ ಬಟ್ಟೆ ಹೊಲಿದವಳು. ಈಗ ದಾರ ಪೋಣಿಸಲು ಹೋದರೆ ಒಂದು ಸೂಜಿ ಎರಡಾಗಿ ಕಾಣುತ್ತಿರುವುದರಿಂದ ಕೆಲಸ ಬಿಟ್ಟಳು. ತಂಡ ಬಿಡುವವರ ಫೋಟೋವನ್ನು ಮುಂಬಾಗಿಲ ಪಕ್ಕದ ಗೋಡೆಗೆ ಹಾಕುವುದು ಅಲ್ಲಿನ ರೂಢಿ. ಆದರೆ ಆ ಫೋಟೋ ಪ್ರದರ್ಶನದ ದಿನವೇ, ರಂಗದ ಮೇಲೆಯೇ, ರಂಗದ ಬೆಳಕಿನಲ್ಲೇ ತೆಗೆದದ್ದಾಗಿರಬೇಕು. ಫ್ಲಾಶ್ ಹಾಕುವಂತಿಲ್ಲ, ಸ್ಟುಡಿಯೋದಲ್ಲಿ ಕೂರಿಸಿ ತೆಗೆದದ್ದು ನಡೆಯುವುದಿಲ್ಲ. ನಟರಿಗೆ ಇದೇನು ಮಹಾ ಕಷ್ಟವಲ್ಲ. ಅಕ್ಕನೋ ಒಮ್ಮೆಯೂ ಬೆಳಕಿಗೆ ಬಂದು ನಿಂತವಳಲ್ಲ. ಕೊನೆಯ ದಿನ ನಟರೆಲ್ಲ ಕೈಮುಗಿಯುವಾಗ ಅವಳನ್ನೂ ಕರೆದು ನಿಲ್ಲಿಸುತ್ತೇನೆಂದು ನಿರ್ದೇಶಕರು ಒಪ್ಪಿದರು. ಗೋಡೆ ಸೇರಲು ಅವಳಿಗಿದ್ದದ್ದು ಆ ಒಂದು ಗಳಿಗೆ. "ನೀನೇ ತೆಗೀಬೇಕು ಕಣೋ. ಇನ್ನೊಂದ್ಸಲ ಅಲ್ಲಿ ನಿಂತ್ಕೋ ಅಂದ್ರೆ ನನ್ ಕೈಲಾಗಲ್ಲ" ಎಂದಿದ್ದಳು.

ಆ ರಂಗದ ದೀಪಗಳನ್ನು ನೋಡಿಕೊಳ್ಳುವಾತನಿಗೆ ಅಮಾವಾಸ್ಯೆ ಎಂದು ಅಡ್ಡಹೆಸರು; ಇರುವ ದೀಪ ಆರಿಸುವುದೇ ಕಲೆಯೆಂದು ನಂಬಿದ ಮನುಷ್ಯ. ಇದನ್ನು ಬಲ್ಲ ನಾನು ಅಳೆದೂ ಸುರಿದೂ ತಯಾರಾದೆ. ಕತ್ತಲಲ್ಲಿ ಫೋಟೋ ತೆಗೆಯುವುದು ಒಂದು ವ್ಯಾಪಾರ. ಅಲ್ಲಿ ಪುಕ್ಕಟೆ ಏನೂ ಸಿಗದು. ಕ್ಯಾಮೆರಾದ ಬೆಳಕಿನ ಹಸಿವು, ಅಂದರೆ ಐಎಸ್‌ಒ, ಏರಿಸಿದರೆ ಬೆಳಕು ಬರುತ್ತದೆ, ಜೊತೆಗೆ ಮುಖದ ಮೇಲೆ ಮರಳೆರಚಿದಂಥ ಕಾಳುಕಾಳೂ ಬರುತ್ತದೆ. ಶಟರ್ ನಿಧಾನ ಮಾಡಿದರೆ ಬೆಳಕು ತುಂಬುತ್ತದೆ, ಆದರೆ ಕೈಮುಗಿಯುವವನಿಗೆ ನಾಲ್ಕು ಕೈ ಮೂಡುತ್ತವೆ. ಟ್ರೈಪಾಡ್ ಕ್ಯಾಮೆರಾದ ಕಾಲು ಕಟ್ಟೀತೇ ಹೊರತು ಮನುಷ್ಯರ ಕಾಲನ್ನಲ್ಲ. ಹೀಗೆ ತೂಗಿ ತೂಗಿ ಕಡೆಗೆ ದೊಡ್ಡ ಬಾಯಿಯ ಲೆನ್ಸನ್ನೇ ಆರಿಸಿದೆ. "ಅಣ್ಣಾ, ಇದನ್ನ ಹಾಕ್ಕೊಂಡು ಹೋಗಿ, ಬೆಕ್ಕೇ ಬಂದು ನಿಮ್ಹತ್ರ ಕಣ್ಣು ಸಾಲ ಕೇಳುತ್ತೆ" ಎಂದ ಲೆನ್ಸು ಮಾರಿದ ಅಂಗಡಿಯವ. ಬಾಯಿ ಪೂರ್ತಿ ತೆರೆದರೆ ಅದು ಬೆಳಕನ್ನು ಗಟಗಟನೆ ಕುಡಿಯುವುದು ನಿಜ; ಆದರೆ ಆಗ ಸ್ಪಷ್ಟವಾಗಿ ಕಾಣುವ ಜಾಗ ಒಂದು ಗೇಣು ಮಾತ್ರ, ಅದರ ಮುಂದಿನದೂ ಹಿಂದಿನದೂ ಹೊಗೆ. ಉಳಿದೆಲ್ಲವನ್ನೂ ನಾನೇ ನಿರ್ಧರಿಸಿ, ಆ ಗೇಣು ಎಲ್ಲಿ ಬೀಳಬೇಕೆಂಬ ಒಂದನ್ನು ಮಾತ್ರ ತಮ್ಮ ವಿವೇಕಕ್ಕೆ ಬಿಟ್ಟೆ.

ಅಕ್ಕ ಬಂದಳು. ಬಂದವಳು ನಾಚಿಕೊಂಡು ರಾಜನ ಪಾತ್ರಧಾರಿಯ ಹಿಂದೆ, ಅವರ ಭುಜದ ಪಕ್ಕದಲ್ಲಿ ಮುಖ ಮಾತ್ರ ಕಾಣುವಂತೆ ನಿಂತಳು. ಅಮಾವಾಸ್ಯೆ ತನ್ನ ಕಲೆ ತೋರಿಸತೊಡಗಿದ. ತಾವು ಜುಂಯ್ ಎಂದು ಮುಂದೆ ಹೋದಿರಿ, ಜುಂಯ್ ಎಂದು ಹಿಂದೆ ಬಂದಿರಿ, ಕನ್ನಡಕ ಕಳೆದುಕೊಂಡ ನಮ್ಮ ಮಾವ ಮಂಚದ ಕೆಳಗೆಲ್ಲ ತಡಕಾಡುವಂತೆ ತಡಕಾಡಿದಿರಿ. ಕಡೆಗೆ ಪೀಂ ಎಂದು ಹಸಿರು ಚೌಕ ತೋರಿಸಿ ಅಭಯ ಕೊಟ್ಟಿರಿ. ನಾನು ಒತ್ತಿದೆ, ಒತ್ತುತ್ತಲೇ ಇದ್ದೆ. ಪರದೆ ಬಿತ್ತು.

ಮಹನೀಯರೇ, ತಮಗೆ ಸಿಕ್ಕಿದ್ದು ರಾಜನ ಕೋಟಿನ ಚಮಕಿ. ಏನು ದೃಷ್ಟಿ, ಏನು ನಿಷ್ಠೆ. ಎದುರಿಗಿದ್ದವರ ಮೂಗೇ ಕಾಣದ ಕತ್ತಲಲ್ಲಿ ಒಂದೊಂದು ಚಮಕಿಯ ಅಂಚನ್ನೂ ತಾವು ಕೆತ್ತಿಟ್ಟಂತೆ ಹಿಡಿದಿದ್ದೀರಿ. ಅದರ ಹಿಂದೆ ಅಕ್ಕ, ಉಸಿರು ತಾಗಿದ ಕನ್ನಡಿಯಂತೆ ಒಂದು ಮಬ್ಬು. ಹೊಳೆಯುವುದೆಲ್ಲ ಚಿನ್ನವಲ್ಲ ಎಂಬ ಗಾದೆ ತಮ್ಮ ಕಾರ್ಖಾನೆಯವರೆಗೆ ಇನ್ನೂ ತಲುಪಿಲ್ಲವೆಂದು ಕಾಣುತ್ತದೆ. ಹೊಳೆಯುವವರಿಗೆ ಮಣೆ ಹಾಕುವ ಕಲೆಯನ್ನಂತೂ ತಾವು ಮನುಷ್ಯರಿಂದ ಚೆನ್ನಾಗಿಯೇ ಕಲಿತಿದ್ದೀರಿ.

ರಾಜನ ಪಾತ್ರಧಾರಿ ಫೋಟೋ ನೋಡಿ "ಏನ್ ಬಂದಿದೆ ರೀ ಕೋಟು, ನಂಗೆರಡು ಕಾಪಿ ಇರ್ಲಿ" ಎಂದರು. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. "ಮೂರನೇ ಸಾಲಲ್ಲಿ ಒಂದು ಚಮಕಿ ಉದುರಿದೆ ನೋಡು. ಒಬ್ರೂ ಹೇಳ್ಲಿಲ್ವಲ್ಲ ನಂಗೆ" ಎಂದಳು. ಆಮೇಲೆ, ಫೋಟೋ ನನ್ನ ಕೈಗೆ ಕೊಡುತ್ತಾ, "ಅದು ಯಂತ್ರ, ಎಲ್ಲೋ ನೋಡ್ತು. ನೀನು ಎಲ್ಲಿ ನೋಡ್ತಿದ್ದೆ?" ಎಂದಳು. ನಾನು ನೋಡುತ್ತಿದ್ದದ್ದು ತಮ್ಮ ಹಸಿರು ಚೌಕವನ್ನು. ಆದಕಾರಣ ಆ ಪ್ರಶ್ನೆಯನ್ನು ಸೂಕ್ತ ಉತ್ತರಕ್ಕಾಗಿ ತಮ್ಮ ಕಡೆಗೇ ವರ್ಗಾಯಿಸಿದ್ದೇನೆ.

ನನ್ನ ಕೋರಿಕೆಗಳು ಅತ್ಯಲ್ಪ. ಆ ಗಳಿಗೆಯನ್ನು ತಮ್ಮ ಕಾರ್ಖಾನೆಯವರು ಮೂಲ ಡಬ್ಬಿಯಲ್ಲೇ, ಸೀಲು ಒಡೆಯದೆ, ವಾಪಸು ಕಳಿಸಿಕೊಡಬೇಕು. ಅದು ಆಗದಿದ್ದರೆ ತಾವೇ ಟ್ರೈಪಾಡಿನ ಮೂರು ಕಾಲೂರಿ ಅಕ್ಕನ ಮನೆವರೆಗೆ ನಡೆದುಹೋಗಿ, ಅವಳ ಮುಖವನ್ನು ಒಂದು ಸಂಜೆಯಿಡೀ ಜುಂಯ್ ಎನ್ನದೆ ನೋಡಿ ಬರಬೇಕು. ಅದೂ ಕಷ್ಟವೆಂದರೆ, ಇನ್ನು ಮುಂದೆ ಹೊಳೆಯುವುದೇನಾದರೂ ಕಣ್ಣಿಗೆ ಬಿದ್ದಾಗ ಅದನ್ನು ಹೊಲಿದವರು ಯಾರೆಂದು ವಿಚಾರಿಸಿ ಆಮೇಲೆ ಪೀಂ ಎನ್ನಬೇಕು.

ಅಲ್ಲಿಯವರೆಗೆ ರಂಗಮಂದಿರದಲ್ಲಿ ತಮಗೆ ಸಂಪೂರ್ಣ ವಿಶ್ರಾಂತಿ. ನಟರು ನಿಲ್ಲುವ ಕಡೆ ನೆಲಕ್ಕೆ ಟೇಪು ಅಂಟಿಸಿ ದೂರ ಗುರುತಿಟ್ಟುಕೊಂಡು, ಬೆರಳಿನಿಂದಲೇ ಲೆನ್ಸು ತಿರುಗಿಸಿ ನಾನು ಹೇಗೋ ಸಂಭಾಳಿಸುತ್ತೇನೆ. ತಮ್ಮನ್ನು ಪಾಸ್‌ಪೋರ್ಟ್ ಫೋಟೋ ವಿಭಾಗಕ್ಕೆ ನೇಮಿಸಿದ್ದೇನೆ: ಬಿಳಿ ಗೋಡೆ, ಧಾರಾಳ ಬೆಳಕು, ಉಸಿರು ಬಿಗಿಹಿಡಿದು ಕೂತ ಗಿರಾಕಿ. ಅಲ್ಲೂ ನಿನ್ನೆ ತಾವು ಒಬ್ಬರ ಮುಖ ಬಿಟ್ಟು ಅಂಗಿಯ ಗುಂಡಿಗೆ ಮನಸೋತಿರೆಂದು ತಿಳಿದು ಸಂತೋಷವಾಯಿತು. ಸ್ವಭಾವ ಎಂದರೆ ಹೀಗಿರಬೇಕು.

ಹಗಲು ಹೊತ್ತಿನಲ್ಲಿ ಮಾತ್ರ ತಮ್ಮ ವಿಶ್ವಾಸಿ,
ಸ್ಟುಡಿಯೋದವನು

ತಾ.ಕ.: ತಂಡದ ಕಾರ್ಯದರ್ಶಿಗಳು ಹೇಳಿಕಳಿಸಿದ್ದಾರೆ. "ಮುಖ ಕಾಣದವರನ್ನ ಗೋಡೆಗೆ ಹಾಕಿದ್ರೆ ಜನ ನಗ್ತಾರೆ. ಕೋಟು ಚೆನ್ನಾಗಿದೆ, ರಾಜ ತಂಡ ಬಿಡದಿದ್ರೂ ಪರ್ವಾಗಿಲ್ಲ, ಅವರ ಫೋಟೋ ಅಂತಲೇ ಹಾಕೋಣ. ಹಿಂದೆ ಯಾರೋ ಅಡ್ಡ ಬಂದಂಗಿದೆ, ಅದೊಂದು ಅಳಿಸಿಬಿಡಿ" ಎಂದು. ಹಾಗೆ ಅಳಿಸುವ ಕೆಲಸಕ್ಕೆ ತಮ್ಮ ಕುಲದವರೇ ಒಬ್ಬರು ಕಂಪ್ಯೂಟರಿನಲ್ಲಿದ್ದಾರಂತೆ, ಬೆರಳು ಮುಟ್ಟಿಸಿದರೆ ಸಾಕಂತೆ. ಅವರಿಗೂ ರಜೆ ಕೊಟ್ಟಿದ್ದೇನೆ, ಫೋಟೋ ಕೊಡುವುದಿಲ್ಲವೆಂದು ಕಾರ್ಯದರ್ಶಿಗಳಿಗೂ ತಿಳಿಸಿದ್ದೇನೆ. ಅಕ್ಕನ ಫೋಟೋಗೆಂದು ಗೋಡೆಗೆ ಮೊದಲೇ ಹೊಡೆದಿದ್ದ ಮೊಳೆ ಈಗಲೂ ಬರಿದಾಗಿಯೇ ಇದೆ. ಬಂದವರೆಲ್ಲ ಅದನ್ನೇ ತೋರಿಸಿ ಇದು ಯಾರ ಜಾಗ ಎಂದು ಕೇಳುತ್ತಾರೆ, ಬಾಗಿಲು ಕಾಯುವಾತ ಅಕ್ಕನ ಹೆಸರು ಹೇಳುತ್ತಾನೆ.