ಡೀಟರನ ಬ್ಯಾಂಡೂ ನನ್ನ ತನ್ಮಯತೆಯೂ

ಗುರುಮುಖದಿಂದ ಸಂಗೀತ ಕಲಿತವರಿಗೆ ಒಂದು ದೌರ್ಬಲ್ಯ ಅಂಟಿಕೊಳ್ಳುತ್ತದೆ: ಯಾರಾದರೂ ಅಭಿಪ್ರಾಯ ಕೇಳಿದರೆ ‘ನನಗೆ ತಿಳಿಯದು’ ಎನ್ನಲು ನಾಲಿಗೆ ಏಳುವುದಿಲ್ಲ. ಭಗವಂತನ ದಯೆಯಿಂದ ನನಗದು ಧಾರಾಳವಾಗಿಯೇ ಅಂಟಿದೆ. ಪರದೇಶದಲ್ಲಿ ನಾವು ನೆಲೆಸಿರುವ ಬ್ರಿಡ್ಜ್‌ವಾಟರಿನ ನಮ್ಮ ಪಕ್ಕದ ಮನೆಯ ಡೀಟರ್, ಔಷಧ ಕಂಪನಿಯಿಂದ ನಿವೃತ್ತನಾದ ಜರ್ಮನ್ ರಸಾಯನಶಾಸ್ತ್ರಜ್ಞ, ಯೌವನದಲ್ಲಿ ಕೇಳುಗರನ್ನು ಅಮಲಿನಂತೆ ತೇಲಿಸುವ, ತನ್ನೂರಿನ ಸೈಕೆಡೆಲಿಕ್ ರಾಕ್ ಬ್ಯಾಂಡೊಂದರಲ್ಲಿ ಡ್ರಮ್ ಬಾರಿಸುತ್ತಿದ್ದನಂತೆ. ಅವರು ಹೊರತಂದದ್ದು ಒಂದೇ ರೆಕಾರ್ಡು. ಅದರ ಇಡೀ ಒಂದು ಬದಿಗೆ ಒಂದೇ ಹಾಡು. ಮರುವರ್ಷವೇ ಅವರ ಸಂಗೀತ ಕಛೇರಿಯೊಂದರಲ್ಲಿ ಸಭಿಕರೆಲ್ಲ ನಿದ್ದೆ ಹೋದರು. ಗಿಟಾರಿನ ರೋಲ್ಫ್ ‘ಇದು ಅವಮಾನ’ ಎಂದ. ಡೀಟರ್ ‘ಅಲ್ಲ, ತನ್ಮಯತೆ’ ಎಂದ. ಆ ಜಗಳದಲ್ಲಿ ಬ್ಯಾಂಡು ಒಡೆಯಿತು, ಅಂದಿನಿಂದ ಇಬ್ಬರಿಗೂ ಮಾತೇ ಇಲ್ಲ.

“ಶಾಸ್ತ್ರಿ, ನೀವು ಬಲ್ಲವರು. ನಮ್ಮ ರೆಕಾರ್ಡ್ ಕೇಳಿ ನಿಜ ಹೇಳಿಬಿಡಿ. ಚೆನ್ನಾಗಿಲ್ಲ ಅಂದ್ರೆ ಗ್ಯಾರೇಜಿನಲ್ಲಿರೋ ಡ್ರಮ್ ಸೆಟ್ ಮಾರಿಬಿಡ್ತೀನಿ” ಎಂದು ಕಳೆದ ತಿಂಗಳು ಡೀಟರ್ ನಮ್ಮ ದಂಪತಿಯನ್ನು ಮನೆಗೆ ಕರೆದ. ಅಂದು ದ್ವಾದಶಿ. ಏಕಾದಶಿಯ ನಿರಾಹಾರದ ಸೇಡನ್ನೆಲ್ಲ ಹೆಸರುಬೇಳೆ ಪಾಯಸದ ಮೇಲೆ ತೀರಿಸಿಕೊಂಡು ನನ್ನಾಕೆಯೊಡನೆ ಹೋದೆ. ಡೀಟರ್ ಆ ಹಳೆಯ ರೆಕಾರ್ಡು ಹಚ್ಚಿದ; ಕೊಳಾಯಿಯಲ್ಲಿ ಗಾಳಿ ಸಿಕ್ಕಿಕೊಂಡಂತೆ ಗಿಟಾರು ನರಳತೊಡಗಿತು. ಶ್ರುತಿಯೋ ಅಪಶ್ರುತಿಯೋ ನಿರ್ಧರಿಸೋಣವೆಂದು ಕಣ್ಣು ಮುಚ್ಚಿದೆ. ತೆರೆದಾಗ ಹಾಡು ಮುಗಿದಿತ್ತು. ಡೀಟರನ ಕಣ್ಣಲ್ಲಿ ನೀರು. ಆತ ಆಗಲೇ ಜರ್ಮನಿಗೆ ವಿಡಿಯೊ ಕಾಲ್ ಮಾಡಿ, ಫೋನನ್ನು ನನ್ನತ್ತ ಹಿಡಿದಿದ್ದ. “ನೋಡೋ ರೋಲ್ಫ್, ಇಂಡಿಯಾದ ವಿದ್ವಾಂಸರು! ಅವತ್ತು ನಾನು ಹೇಳಿದ್ದೇ ಸರಿ!” ಫೋನಿನೊಳಗಿನ ಬೋಳುತಲೆ ಅನುಮಾನದಿಂದ ಕೇಳಿತು: “ನಿಜವಾಗ್ಲೂ ತನ್ಮಯರಾಗಿದ್ರಾ, ಸರ್?”

“ಸಂಪೂರ್ಣವಾಗಿ” ಎಂದೆ. ಆ ಕಡೆಯಿಂದ, “ಹೇಗಿದ್ದೀಯೋ ಡೀಟರ್?” ಎಂಬ ಮೆತ್ತಗಿನ ಧ್ವನಿ. ನಾವು ಸದ್ದಿಲ್ಲದೆ ಹೊರಬಂದೆವು.

“ಅಲ್ರೀ, ಗೊರಕೆ ಹೊಡೀತಿದ್ರಲ್ರೀ! ಪಾಪ, ಅವರು ವಾಲ್ಯೂಮ್ ಜಾಸ್ತಿ ಮಾಡ್ಬೇಕಾಯ್ತು” ಎಂದಳು ನನ್ನಾಕೆ.

“ಗೊರಕೆಯಲ್ಲ ಕಣೇ, ಮಂದ್ರಸ್ಥಾಯಿಯಲ್ಲಿ ಮೆಚ್ಚುಗೆ.”

“ಹಾಗಾದ್ರೆ ದಿನಾ ರಾತ್ರಿ ಯಾರನ್ನ ಮೆಚ್ಕೋತೀರಿ?”

ಡ್ರಮ್ ಸೆಟ್ ಮಾರಾಟವಾಗಲಿಲ್ಲ. ನನ್ನ ಸಂಧ್ಯಾವಂದನೆಯ ಹೊತ್ತಿಗೇ ಅದರ ಆರಾಧನೆಯೂ ನಡೆಯುತ್ತದೆ. ಆಕ್ಷೇಪಿಸುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೇನೆ. ಕಳೆದ ಶನಿವಾರ ದೇವಸ್ಥಾನದಲ್ಲಿ ನಾನು ಹಾಡುತ್ತಿರುವಾಗ ಮುಂದಿನ ಸಾಲಿನ ಮೂರು ತಲೆಗಳು ವಾಲಿದವು. ಹಿಂದೆಲ್ಲ ಇಂಥದ್ದು ಕಂಡರೆ ಮನಸ್ಸು ಮುದುಡಿ, ಅವಸರದಲ್ಲಿ ಮಂಗಳ ಹಾಡಿಬಿಡುತ್ತಿದ್ದೆ. ಅಂದು ಡೀಟರನ ಸಿದ್ಧಾಂತದಲ್ಲಿ ಪೂರ್ಣ ಶ್ರದ್ಧೆಯಿಟ್ಟು ಆಲಾಪನೆಯನ್ನು ಇನ್ನಷ್ಟು ವಿಸ್ತರಿಸಿದೆ. ನಾಲ್ಕನೆಯ ತಲೆಯೂ ವಾಲಿತು. ಅದು ನನ್ನಾಕೆಯದು.